ತಟ್ಟೇಕಾಡಿಗೆ ಹಕ್ಕಿ ನೋಡಲು ಹೊರಡುವ ಮುನ್ನ

ಕೇರಳದ ತಟ್ಟೇಕಾಡಿಗೆ ಹೋಗಿ ಬಂದ ಕೆಲವರು ಬೇಸರದಿಂದ ಹೇಳುವುದುಂಟು: ‘ಹೆಸರಿಗಷ್ಟೇ ಪಕ್ಷಿಧಾಮ, ಹಕ್ಕಿಗಳೇ ಇಲ್ಲ.’ ಈ ಬೇಸರದ ಬೇರು ನಮ್ಮ ರಂಗನತಿಟ್ಟಿನಲ್ಲಿದೆ. ಪಕ್ಷಿಧಾಮ ಎಂದರೆ ನಮಗೆ ನೆನಪಾಗುವುದು ರಂಗನತಿಟ್ಟು, ಮಂಡಗದ್ದೆ, ಕೊಕ್ಕರೆಬೆಳ್ಳೂರು. ದೋಣಿಯಲ್ಲಿ ಕೂತರೆ ಸಾಕು, ಮರದ ತುಂಬ ಬಣ್ಣದ ಕೊಕ್ಕರೆಗಳು, ಬೆಳ್ಳಕ್ಕಿಗಳು. ಮಕ್ಕಳಿಗೂ ಬೆರಳು ಮಾಡಿ ತೋರಿಸಬಹುದು. ತಟ್ಟೇಕಾಡು ಆ ಬಗೆಯ ಜಾಗವಲ್ಲ. ಎರ್ನಾಕುಳಂ ಜಿಲ್ಲೆಯಲ್ಲಿ, ಪೆರಿಯಾರ್ ನದಿಯ ದಂಡೆಗೆ ಸುಮಾರು 25 ಚದರ ಕಿಲೋಮೀಟರ್ ಹರಡಿರುವ ತಗ್ಗುಪ್ರದೇಶದ ಕಾಡು ಅದು. ರಂಗನತಿಟ್ಟು, ತಟ್ಟೇಕಾಡು ಎರಡರ ಹಿಂದೆಯೂ ಇರುವವರು ಮಾತ್ರ ಒಬ್ಬರೇ, ಪಕ್ಷಿತಜ್ಞ ಸಲೀಂ ಅಲಿ. 1940ರಲ್ಲಿ ಮೈಸೂರು ಸಂಸ್ಥಾನ ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸಿದ್ದು ಅವರ ಒತ್ತಾಸೆಯಿಂದ. ಅದಕ್ಕೂ ಮೊದಲು, 1933ರಲ್ಲಿ, ತಿರುವಾಂಕೂರಿನ ಹಕ್ಕಿಗಳ ಸಮೀಕ್ಷೆಗೆಂದು ಹೋದಾಗ ಅವರು ಈ ಕಾಡಿನ ಸಿರಿ ಕಂಡಿದ್ದರು. 1983ರಲ್ಲಿ ಅದೂ ಪಕ್ಷಿಧಾಮವಾಯಿತು, ಈಗ ಅವರ ಹೆಸರನ್ನೇ ಹೊತ್ತಿದೆ.

ನೀರಹಕ್ಕಿಗಳು ಒಟ್ಟಿಗೆ ಗೂಡು ಕಟ್ಟುವುದಕ್ಕೆ ಕಾರಣವಿದೆ. ಸುತ್ತ ನೀರಿರುವ ನಡುಗಡ್ಡೆಯಲ್ಲಿ ಮೊಟ್ಟೆಮರಿಗೆ ಭಯ ಕಡಿಮೆ, ಮೀನು ಹತ್ತಿರದಲ್ಲೇ ಸಿಗುತ್ತದೆ. ಕಾಡಿನಲ್ಲಿ ಹುಳುಹುಪ್ಪಟೆ ಎಲೆಎಲೆಯಲ್ಲೂ ಚದುರಿರುತ್ತದೆ. ಹೀಗಾಗಿ ಹುಳ ತಿನ್ನುವ ಹಕ್ಕಿಗಳಲ್ಲಿ ಹೆಚ್ಚಿನವು ಜೋಡಿಜೋಡಿಯಾಗಿ ತಮ್ಮ ತಮ್ಮ ಎಲ್ಲೆ ಕಾಯ್ದುಕೊಂಡು ಬದುಕುತ್ತವೆ. ತಟ್ಟೇಕಾಡು ಮತ್ತು ಸುತ್ತಲಿನ ಕಾಡುಗಳಲ್ಲಿ ಮುನ್ನೂರರ ಆಸುಪಾಸು ಜಾತಿಗಳಿದ್ದರೂ ಒಂದೊಂದು ಜಾತಿಯ ಹಕ್ಕಿ ಒಂದು ಕಡೆ ಸಿಗುವುದು ಒಂದೋ ಎರಡೋ.

ಅರ್ಧ ಗಂಟೆ ನಡೆದರೂ ಒಂದು ರೆಕ್ಕೆ ಕಾಣದಿದ್ದರೆ ಕಾಡು ಬರಿದು ಎಂದು ತೀರ್ಮಾನಿಸುವವರು ಆ ಹೊತ್ತಿಗೇ ಹಿಂದಿರುಗಿ ದೊಡ್ಡ ನಷ್ಟ ಮಾಡಿಕೊಳ್ಳುತ್ತಾರೆ. ಮಳೆಕಾಡಿನಲ್ಲಿ ಹಲವು ಜಾತಿಯ ಹಕ್ಕಿಗಳು ಕಲೆತು ಒಂದೇ ತಂಡವಾಗಿ ಮೇಯುತ್ತವೆ. ತಂಡ ಬೇರೆಡೆ ಇರುವಷ್ಟು ಹೊತ್ತು ನೀವು ನಿಂತ ಜಾಗ ಖಾಲಿ. ಬಂತೆಂದರೆ ಕಣ್ಣು ಸಾಲದು: ಪೊದೆಯಲ್ಲಿ ಹರಟೆಮಲ್ಲಗಳು, ಕಾಂಡದ ಮೇಲೆ ಮರಕುಟಿಗ, ನಡುಕೊಂಬೆಯಲ್ಲಿ ನೊಣಹಿಡುಕ, ರಾಜಹಕ್ಕಿ, ನೆತ್ತಿಯಲ್ಲಿ ಬಿಳಿಹೊಟ್ಟೆಯ ಮಟಪಕ್ಷಿ, ಜೊತೆಗೆ ಬಾಲದ ತುದಿಗೆ ಎರಡು ಉದ್ದ ಗರಿ ತೂಗಿಸಿಕೊಂಡ ಭೀಮರಾಜ. ಉಳಿದವು ಎಲೆ ತಡಕಿದಾಗ ಹಾರಿದ ಹುಳವನ್ನು ಭೀಮರಾಜ ಗಾಳಿಯಲ್ಲೇ ಹಿಡಿಯುತ್ತದೆ. ಡೇಗೆ ಬಂದರೆ ಮೊದಲು ಕೂಗಿ ಎಚ್ಚರಿಸುವುದೂ ಅದೇ. ಶ್ರೀಲಂಕಾದ ಸಿಂಹರಾಜ ಕಾಡಿನಲ್ಲಿ ಎಬೆನ್ ಗುಡೇಲ್ ಮತ್ತು ಶರತ್ ಕೋಟಗಮ ಇದರ ಹತ್ತಿರದ ಬಳಗದ ಕಾಜಾಣವನ್ನು ಅಭ್ಯಸಿಸಿ 2006ರಲ್ಲಿ ಬೆರಗಿನ ಸಂಗತಿಯೊಂದನ್ನು ಪ್ರಕಟಿಸಿದರು. ಆ ಕಾಜಾಣ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುತ್ತದೆ, ಆ ದನಿ ಕೇಳಿ ಬೇರೆ ಜಾತಿಗಳು ತಂಡದ ಕಡೆಗೆ ಬರುತ್ತವೆ. ಹಾಗಾಗಿ ಖಾಲಿ ಕಾಡಿನಲ್ಲಿ ಮಾಡಬೇಕಾದ ಕೆಲಸವೆಂದರೆ ಮಾತು ನಿಲ್ಲಿಸಿ ಕಾಜಾಣದ ದನಿಗೆ ಕಿವಿಗೊಡುವುದು.

ಕಾಡಿನ ಒಳಕ್ಕೆ ಹೋದಷ್ಟೂ ಹಕ್ಕಿ ಹೆಚ್ಚು ಎಂಬ ನಂಬಿಕೆಯೂ ಗಟ್ಟಿಯಾಗಿದೆ. ಒಳಗೆ ಹಕ್ಕಿಗಳಿರುತ್ತವೆ ನಿಜ, ಆದರೆ ನೂರಡಿ ಎತ್ತರದ ಮರದ ನೆತ್ತಿಯಲ್ಲಿ, ಎಲೆಗಳ ಮರೆಯಲ್ಲಿ. ಕೆಳಗೆ ನಿಂತವರಿಗೆ ಸಿಗುವುದು ಕತ್ತುನೋವು. ಕಾಡಂಚು, ಬಂಡೆಯ ಬಯಲು, ಹಳೆಯ ತೇಗದ ತೋಪು, ಹಣ್ಣು ಬಿಟ್ಟ ಆಲ, ಅತ್ತಿ, ಬಸರಿ ಮರ ಇವೇ ಒಳ್ಳೆಯ ತಾಣಗಳು. ಹಣ್ಣಾದ ಒಂದು ಆಲದ ಕೆಳಗೆ ಬೆಳಗಿನ ಎರಡು ಗಂಟೆ ಕೂತರೆ ಮಂಗಟ್ಟೆ, ಕುಟ್ರು, ಹಸಿರು ಪಾರಿವಾಳ ತಾವಾಗಿ ಬರುತ್ತವೆ. ಚಳಿಗಾಲಕ್ಕೆ ಉತ್ತರದಿಂದ ಬರುವ ನವರಂಗವಂತೂ ಮನೆ ಹಿತ್ತಲಿನ ತರಗೆಲೆಯಲ್ಲೇ ಹುಳ ಕೆದಕುತ್ತಿರಬಹುದು. ಒಬ್ಬರೇ ಒಳನುಗ್ಗುವುದು ಅಪಾಯವೂ ಹೌದು. ಪಕ್ಷಿಧಾಮ ಎಂಬ ಹೆಸರು ಕೇಳಿ ಅಲ್ಲಿ ಹಕ್ಕಿ ಮಾತ್ರ ಇರುತ್ತವೆ ಎಂದುಕೊಳ್ಳಬೇಡಿ, ಅದು ಆನೆಗಳಿರುವ ಕಾಡು. ಸ್ಥಳೀಯ ಗೈಡ್‌ಗೆ ಕೊಡುವ ಹಣ ದಂಡ ಎನ್ನುವವರು ಇದನ್ನು ನೆನಪಿಡಬೇಕು: ಹಸಿ ಲದ್ದಿ ಕಂಡು ದಾರಿ ಬದಲಿಸುವುದು ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ.

ಬಣ್ಣದ ಹಕ್ಕಿ ಬೇಗ ಕಣ್ಣಿಗೆ ಬೀಳುತ್ತದೆ ಎನ್ನುವುದನ್ನು ಸುಳ್ಳು ಮಾಡುವುದು ಕಾಕರಣೆ ಹಕ್ಕಿ, ಅಂದರೆ ಮಲಬಾರ್ ಟ್ರೋಗನ್. ಗಂಡಿನ ಎದೆ ಕಡುಗೆಂಪು, ಕತ್ತಿನ ಕಪ್ಪಿಗೂ ಆ ಕೆಂಪಿಗೂ ನಡುವೆ ಬಿಳಿಯ ಪಟ್ಟಿ. ಆದರೆ ಮನುಷ್ಯರ ಸುಳಿವು ಸಿಕ್ಕರೆ ಅದು ಬೆನ್ನು ತಿರುಗಿಸಿ ಕದಲದೆ ಕೂರುತ್ತದೆ, ಬೆನ್ನಿನ ಬಣ್ಣ ಒಣಗಿದ ಎಲೆಯದು. ಹತ್ತಡಿ ದೂರದಲ್ಲಿದ್ದರೂ ನಾವು ದಾಟಿಹೋಗುತ್ತೇವೆ.

ದುರ್ಬೀನಿಗೆ ಶಕ್ತಿ ಹೆಚ್ಚಿದ್ದಷ್ಟೂ ಒಳ್ಳೆಯದೆಂಬುದು ಕಾಡಿನ ಮಬ್ಬು ಬೆಳಕಿಗೆ ಒಪ್ಪುವ ಮಾತಲ್ಲ. 8x42 ದುರ್ಬೀನಿನಲ್ಲಿ ಕಣ್ಣಿಗೆ ತಲುಪುವ ಬೆಳಕಿನ ವೃತ್ತ 5 ಮಿಲಿಮೀಟರಿಗಿಂತ ತುಸು ಹೆಚ್ಚು, 12x42 ಆದರೆ ಮೂರೂವರೆ ಮಾತ್ರ. ನೋಟದ ಹರವೂ ಕಿರಿದಾಗುತ್ತದೆ, ಕೈನಡುಕ ಎದ್ದು ಕಾಣುತ್ತದೆ. ಇನ್ನು ಇಂಬಳ. ಮಲೆನಾಡಿನವರಿಗೆ ಹೇಳಬೇಕಿಲ್ಲ, ಉಳಿದವರು ಹೆದರುವಂತೆ ಅದಕ್ಕೆ ವಿಷವಿಲ್ಲ. ರಕ್ತ ಬೇಗ ನಿಲ್ಲದಿರುವುದು ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುವುದರಿಂದ. ಉಗುರಿನಿಂದ ಮೆಲ್ಲಗೆ ಜಾರಿಸಿ ಬಿಡಿಸಿ, ಗಾಯ ತೊಳೆಯಿರಿ.

ಈಗ ನನ್ನನ್ನು ಹೆಚ್ಚು ಕಾಡುವ ತಪ್ಪು ಕಲ್ಪನೆಗೆ ಬರುತ್ತೇನೆ: ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಕರೆಸಿದರೆ ಏನೂ ತೊಂದರೆಯಿಲ್ಲ, ಬರೀ ದನಿ ತಾನೆ ಎಂಬುದು. ಹಕ್ಕಿ ಆ ದನಿಗೆ ಬರುವುದು ತನ್ನ ಎಲ್ಲೆಗೆ ಎದುರಾಳಿ ನುಗ್ಗಿದ್ದಾನೆ ಎಂದುಕೊಂಡು. ಮೇವು ಬಿಟ್ಟು, ಕೆಲವೊಮ್ಮೆ ಗೂಡು ಬಿಟ್ಟು ಬರುತ್ತದೆ, ಇಲ್ಲದ ಎದುರಾಳಿಯನ್ನು ಹುಡುಕಿ ದಣಿಯುತ್ತದೆ. ನಾವು ಹೊರಟ ಮೇಲೆ ಇನ್ನೊಂದು ತಂಡ, ಅದೇ ಮರದ ಕೆಳಗೆ, ಅದೇ ಕೂಗು. ಪ್ರವಾಸಿಗರು ಹೆಚ್ಚಾಗಿ ಹೋಗುವ ತಿಂಗಳುಗಳಲ್ಲೇ, ಜನವರಿ ಕಳೆಯುತ್ತಿದ್ದಂತೆ, ಹಲವು ಹಕ್ಕಿಗಳು ಗೂಡಿಗೆ ತೊಡಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೂ ಕಾಡುಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದನ್ನು ಬೇಟೆಯ ಸಾಲಿನಲ್ಲೇ ಸೇರಿಸಿದೆ. ಕೂಗು ಕೇಳಿ ಹೆಸರು ಹೇಳುವ ಆ್ಯಪ್ ಬಳಸಿ, ಬೇಡ ಎನ್ನುವುದಿಲ್ಲ. ಕೂಗು ಹಾಕುವ ಗುಂಡಿ ಒತ್ತಬೇಡಿ, ಗೈಡ್ ಒತ್ತ ಹೊರಟರೆ ಬೇಡವೆನ್ನಿ.

ತಟ್ಟೇಕಾಡಿಗೆ ಬಹುಪಾಲು ಜನ ಹೋಗುವುದು ಕಪ್ಪೆಬಾಯಿ ಹಕ್ಕಿಗಾಗಿ. ಗೂಬೆಯಂತೆ ಕಂಡರೂ ಅದು ಗೂಬೆಯಲ್ಲ. ಉಗುರಿನಿಂದ ಬೇಟೆ ಹಿಡಿಯದೆ ಅಗಲ ಬಾಯಿಯಿಂದ ಕೀಟ ಹಿಡಿಯುತ್ತದೆ. ಹಗಲು ಗಂಡುಹೆಣ್ಣು ಒಂದೇ ಕೊಂಬೆಯಲ್ಲಿ ಒತ್ತಿಕೊಂಡು ಕೂತಿರುತ್ತವೆ, ಹೆಣ್ಣು ಕೆಂಗಂದು, ಗಂಡು ಬೂದು. ಇಡುವುದು ಒಂದೇ ಮೊಟ್ಟೆ, ಹಗಲು ಕಾವು ಕೂರುವುದು ಗಂಡು. ಅದು ಕೊಕ್ಕನ್ನು ಮೇಲೆತ್ತಿ ಮುರಿದ ಕೊಂಬೆಯಂತೆ ಬಿಗಿದುಕೊಂಡಿರುವ ಚಿತ್ರಗಳನ್ನು ನೋಡಿ, ಅದೇ ಅದರ ನಿದ್ದೆಯ ಭಂಗಿ, ಹತ್ತಿರ ಹೋದರೂ ಎಚ್ಚರವಾಗುವುದಿಲ್ಲ ಎಂದು ಜನ ತಿಳಿದಿದ್ದಾರೆ. ನಿಜವಾಗಿ ಅದು ಅಪಾಯ ಕಂಡ ಹಕ್ಕಿಯ ಭಂಗಿ. ಕೊಕ್ಕು ನಿಧಾನವಾಗಿ ಮೇಲಕ್ಕೆ ಏಳುತ್ತಿದ್ದರೆ ನೀವು ಆಗಲೇ ಬೇಕಾದ್ದಕ್ಕಿಂತ ಹತ್ತಿರ ಹೋಗಿದ್ದೀರಿ. ಕ್ಯಾಮೆರಾದ ಫ್ಲಾಶ್ ಆರಿಸಿ, ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಿರಿ, ಜೊತೆಗಿದ್ದವರನ್ನೂ ಸರಿಸಿ.