ಇಂಗ್ಲಿಷಿನ ಕಿರುಪದಗಳೂ ಹೊಣೆಗಾರಿಕೆಯೂ

ಕರ್ತವ್ಯವನ್ನು ಸೂಚಿಸಲು ನಮ್ಮ ಮನೆಮಾತಿನಲ್ಲಿ ‘ಬೇಕು’ ಎಂಬುದೊಂದೇ ಬಹುಮಟ್ಟಿಗೆ ಸಾಕು. ಇಂಗ್ಲಿಷಿನಲ್ಲಿಯಾದರೋ ಕ್ರಿಯಾಪದದ ಬೆನ್ನಿಗೆ ಬರುವ ಕಿರುಪದವೇ ಅನೇಕ ವೇಳೆ ಹೊಣೆಯ ಸ್ವರೂಪವನ್ನು ನಿರ್ಣಯಿಸುತ್ತದೆ. ಇಂಥ ಜೋಡಿಗಳನ್ನು ಲೋಗನ್ ಪಿಯರ್‌ಸಾಲ್ ಸ್ಮಿತ್ ಎಂಬ ವಿದ್ವಾಂಸರು 1925ರ ತಮ್ಮ ಗ್ರಂಥದಲ್ಲಿ ‘ಫ್ರೇಸಲ್ ವರ್ಬ್’ ಎಂದು ಕರೆದರು.

‘ಆನ್ಸರ್’ ಎಂದರೆ ಉತ್ತರ ಹೇಳುವುದೆಂದು ಮಕ್ಕಳೂ ಬಲ್ಲರು. ಗುಮಾಸ್ತನು ಯಜಮಾನನಿಗೆ ಲೆಕ್ಕ ಒಪ್ಪಿಸತಕ್ಕವನಾದುದರಿಂದ ಅಲ್ಲಿ ‘ಆನ್ಸರ್ ಟು’. ಪೆಟ್ಟಿಗೆಯ ಹಣಕ್ಕೆ ಅವನೇ ಹೊಣೆಯಾದುದರಿಂದ ‘ಆನ್ಸರ್ ಫಾರ್’.

‘ಕಾಲ್’ ಎಂಬ ಪದದಲ್ಲಿ ಗೃಹಸ್ಥರು ಇನ್ನೂ ಎಚ್ಚರವಾಗಿರಬೇಕೆಂದು ನಾವು ಭಾವಿಸುತ್ತೇವೆ. ‘ಕಾಲ್ ಅಪಾನ್’ ಎಂದರೆ ಒಬ್ಬರ ಮನೆಗೆ ಹೋಗಿ ಕಂಡುಬರುವ ಸೌಜನ್ಯವೂ ಆದೀತು. ಆದರೆ ವಕೀಲರ ನೋಟೀಸಿನಲ್ಲಿ ‘ಯೂ ಆರ್ ಕಾಲ್ಡ್ ಅಪಾನ್ ಟು ಪೇ’ ಎಂದಿದ್ದರೆ ಅದು ಉಪಚಾರದ ಕರೆಯಲ್ಲ. ಹಣ ಸಲ್ಲಿಸತಕ್ಕದ್ದೆಂಬ ತಗಾದೆ! ‘ಕರೆದಿದ್ದಾರೆ, ಬಿಡುವಾದಾಗ ಹೋದರಾಯಿತು’ ಎಂದು ಕಾಗದವನ್ನು ಮೂಲೆಗಿಟ್ಟರೆ ಗಡುವು ಕಳೆದುಹೋಗುತ್ತದೆ.

‘ಬೌಂಡ್ ಟು’ ಎಂಬುದು ಇನ್ನೊಂದು ತೊಡಕು. ಕರಾರುಪತ್ರದಲ್ಲಿ ಅದು ಕಟ್ಟುಪಾಡು. ಮೋಡ ಕವಿದಾಗ ಮಳೆಯ ವಿಷಯದಲ್ಲಿ ಹೇಳಿದರೆ ಬರಿಯ ನಿಶ್ಚಯ. ನಮ್ಮ ‘ಬಂದಿರಬೇಕು’ ಎಂಬುದೂ ಹೀಗೆಯೇ ಅಪ್ಪಣೆಯೂ ಆಗಬಲ್ಲುದು, ಊಹೆಯೂ ಆಗಬಲ್ಲುದು.