ಕೂಡಿ ಹಾಡೋಣ ಬನ್ನಿ

ಬೆಳಗಾದರೆ ನೀರು, ಒಲೆ, ಮಕ್ಕಳು, ಕೂಲಿ. "ಹಾಡೋಕೆ ಹೊತ್ತೆಲ್ಲಿ?" ಅಂತೀರಾ ಅಕ್ಕಾ?

ನಮ್ಮ ಅಜ್ಜಿಯರಿಗೂ ಬಿಡುವು ಇರಲಿಲ್ಲ. ಬೀಸುತ್ತಾ ಹಾಡಿದರು. ನಾಟಿ ಹಾಕುತ್ತಾ ಹಾಡಿದರು. ಈಗ ಬೀಸೋ ಕಲ್ಲು ಮೂಲೆ ಸೇರಿದೆ. ಹಾಡಿಗೆ ಹೊತ್ತು ನಾವೇ ಮಾಡಿಕೊಳ್ಳಬೇಕು.

ವಾರಕ್ಕೊಂದು ಸಂಜೆ ಓಣಿಯ ಹೆಂಗಸರೆಲ್ಲ ಸೇರಿ. ಕೂಸನ್ನೂ ಕರೆತನ್ನಿ. ಸೋಬಾನೆ ಪದವನ್ನು ಒಬ್ಬರು ಹೇಳುತ್ತಾರೆ. ಉಳಿದವರು ಸೊಲ್ಲು ಹಿಡಿಯುತ್ತಾರೆ. ಒಬ್ಬರಿಗೆ ಉಸಿರು ಸಾಲದಿದ್ದರೆ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಎದೆಯ ಭಾರ ಇಳಿಯುತ್ತದೆ.

ಅಂಕೋಲೆಯ ಸುಕ್ರಿ ಬೊಮ್ಮಗೌಡ ಶಾಲೆಗೆ ಹೋದವರಲ್ಲ. ಜನಪದ ಹಾಡಿಗಾಗಿ 2017ರಲ್ಲಿ ಪದ್ಮಶ್ರೀ ಪಡೆದರು. 2025ರಲ್ಲಿ ತೀರಿಕೊಂಡರು. ಯಾರೂ ಕಲಿಯದಿದ್ದರೆ, ಹಿರಿಯರ ಜೊತೆ ಹಾಡೂ ಹೋಗುತ್ತದೆ.

ಈಗ ನಿಮಗೆ ಅಕ್ಷರ ಬಂದಿದೆ. ಅವ್ವನ ಒಂದು ಹಾಡು ಬರೆದಿಡಿ. ಮಗಳು ಓದಿ ಹಾಡಲಿ.