ಹಳದಿ ಟೊಮೆಟೊ: ಬೀಜದಿಂದ ಬೀಜದವರೆಗೆ



ವೈದ್ಯರನ್ನು ಭಾಷಣಕ್ಕೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತು ಬರುವುದು ವಾಡಿಕೆ. ಇಂದು ನಾವು ಹಿತ್ತಲಿನ ಹಳದಿ ಟೊಮೆಟೊ ಕುರಿತು ಹೇಳಬಯಸುತ್ತೇವೆ. ಅದರಲ್ಲಿ ನಮ್ಮದೊಂದು ತಪ್ಪೊಪ್ಪಿಗೆಯೂ ಸೇರಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರು ಬೇಸಿಗೆ ಕಳೆಯಲು ಮೈಸೂರಿನಿಂದ ಮಿಷಿಗನ್ನಿಗೆ ಬಂದಿದ್ದರು. ಎದೆಯುರಿಯ ದೆಸೆಯಿಂದ ಟೊಮೆಟೊ ಸಾರನ್ನು ಬಿಟ್ಟಿದ್ದರು. ಹಳದಿ ಹಣ್ಣಿನಲ್ಲಿ ಹುಳಿ ಕಡಿಮೆಯೆಂಬ ಮಾತನ್ನು ಪರೀಕ್ಷಿಸದೆ ನಂಬಿ, ಅವರಿಗಾಗಿಯೇ ನಾಲ್ಕು ಗಿಡ ಬೆಳೆಸಿದೆವು. ಮೊದಲ ದಿನದ ಸಾರನ್ನು ಅವರು ಎರಡು ಸಲ ಬಡಿಸಿಕೊಂಡು ಉಂಡರು; ಆ ರಾತ್ರಿ ನಿದ್ದೆಯಿಲ್ಲದೆ ಎದ್ದು ಕುಳಿತರು.

ಟೊಮೆಟೊಗೆ ಕೆಂಪು ಬಣ್ಣ ಕೊಡುವುದು ಲೈಕೋಪೀನ್. ಹಳದಿ ತಳಿಗಳ ಹಣ್ಣಿನಲ್ಲಿ ಅದು ಉಂಟಾಗಲು ಬೇಕಾದ ಜೀನ್ ಕೆಲಸ ಮಾಡುವುದಿಲ್ಲ. ಹುಳಿಗೆ ಕಾರಣವಾದ ಸಿಟ್ರಿಕ್, ಮ್ಯಾಲಿಕ್ ಆಮ್ಲಗಳ ಸಂಗತಿಯೇ ಬೇರೆ. ಬಣ್ಣ ನೋಡಿ ಅವುಗಳ ಪ್ರಮಾಣ ಹೇಳಲಾಗದು. ಸಿಹಿ ಹೆಚ್ಚಿದ್ದರೆ ಹುಳಿ ತಿಳಿಯದು, ಅಷ್ಟೆ. ನಾಲಗೆ ಮೋಸಹೋಗಬಹುದು, ಹೊಟ್ಟೆ ಮೋಸಹೋಗದು. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಮ್ ಮಿತಿಯಲ್ಲಿಟ್ಟವರೂ ಹಳದಿಯೆಂದು ಧೈರ್ಯ ತಾಳಬಾರದು.

ಹಾಗಾದರೆ ಏಕೆ ಬೆಳೆಯಬೇಕು? ರುಚಿಗಾಗಿ, ಚೆಲುವಿಗಾಗಿ. ಹಳದಿ ಟೊಮೆಟೊ ಹೊಸ ಸೋಜಿಗವೂ ಅಲ್ಲ. 1544ರಲ್ಲಿ ಇಟಲಿಯ ವೈದ್ಯ ಮಟ್ಟಿಯೋಲಿ ಈ ಹಣ್ಣನ್ನು ವರ್ಣಿಸಿದಾಗ ಅದು ಮಾಗಿ ಚಿನ್ನದ ಬಣ್ಣ ತಳೆಯುತ್ತದೆಂದೇ ಬರೆದನು. ಇಟಲಿಯವರು ಅದನ್ನು ಇಂದಿಗೂ ‘ಪೊಮೊದೋರೊ’, ಚಿನ್ನದ ಹಣ್ಣು, ಎನ್ನುತ್ತಾರೆ.

ಮಿಷಿಗನ್ನಿನ ನಮ್ಮ ಭಾಗದಲ್ಲಿ ಮೇ ನಡುವಿನವರೆಗೂ ರಾತ್ರಿ ಮಂಜುಗಟ್ಟುವ ಭಯವಿದೆ. ಆದ್ದರಿಂದ ಮಾರ್ಚ್ ಕೊನೆಯಲ್ಲಿ ಮನೆಯೊಳಗೇ ಬೀಜ ಬಿತ್ತಬೇಕು. ಕಾಲು ಅಂಗುಲ ಆಳ ಸಾಕು. 75ರಿಂದ 80 ಡಿಗ್ರಿ ಫ್ಯಾರನ್‌ಹೀಟ್ ಬೆಚ್ಚಗಿದ್ದರೆ 5ರಿಂದ 10 ದಿನಗಳಲ್ಲಿ ಮೊಳೆಯುತ್ತದೆ. ಮೊಳೆತೊಡನೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಕಿಟಕಿಯ ಬೆಳಕೊಂದನ್ನೇ ನೆಚ್ಚಿದರೆ ಸಸಿ ಸೊರಗಿ ಉದ್ದವಾಗುತ್ತದೆ. ನಾವು ಟ್ಯೂಬ್‌ಲೈಟನ್ನು ಸಸಿಗಳ ಮೇಲೆ ಎರಡು ಮೂರು ಅಂಗುಲ ಎತ್ತರದಲ್ಲಿ ತೂಗುಹಾಕುತ್ತೇವೆ. ಅತಿಯಾಗಿ ನೀರೆರೆದರೆ ಎಳೆಯ ಕಾಂಡ ಬುಡದಲ್ಲಿ ಕೊಳೆತು ಬೀಳುತ್ತದೆ.

ನೆಡುವ ಮುನ್ನ ಒಂದು ವಾರ ಸಸಿಗಳನ್ನು ದಿನವೂ ಸ್ವಲ್ಪ ಹೊತ್ತು ಹೊರಗಿಟ್ಟು, ಆ ಹೊತ್ತನ್ನು ಹೆಚ್ಚಿಸುತ್ತ ಬಿಸಿಲು ಗಾಳಿಗೆ ಒಗ್ಗಿಸಬೇಕು. ರಾತ್ರಿಯ ತಾಪ 50 ಡಿಗ್ರಿಗಿಂತ ಇಳಿಯದಾದ ಮೇಲೆ, ಮೇಲಿನ ಕೆಲವು ಎಲೆಗಳನ್ನಷ್ಟೇ ಹೊರಗುಳಿಸಿ ಆಳವಾಗಿ ನೆಡಿರಿ; ಹೂತ ಕಾಂಡದಿಂದಲೂ ಬೇರು ಬರುತ್ತದೆ. ಗಿಡದಿಂದ ಗಿಡಕ್ಕೆ ಎರಡು ಮೂರು ಅಡಿ ಅಂತರವಿರಲಿ, ಊರುಗೋಲಿರಲಿ. ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿದರೆ ಕ್ಯಾಲ್ಸಿಯಮ್ ಹಣ್ಣಿಗೆ ಸರಿಯಾಗಿ ತಲುಪದೆ ತುದಿ ಕಪ್ಪಾಗುತ್ತದೆ.

ಸಾರು ಒಗ್ಗದೆಂದು ತಿಳಿದ ಮೇಲೂ ತಾಯಿಯವರು ಗಿಡಗಳನ್ನು ಬಿಡಲಿಲ್ಲ. “ನನಗಾಗ್ದಿದ್ರೇನಂತೆ, ಬೀಜ ತೆಗೆದಿಡಪ್ಪ, ಮಕ್ಕಳು ತಿಂತಾರೆ” ಎಂದರು. ಚೆನ್ನಾಗಿ ಮಾಗಿದ ಹಣ್ಣಿನ ತಿರುಳನ್ನು ಲೋಟದಲ್ಲಿ ಸ್ವಲ್ಪ ನೀರಿನೊಡನೆ ಎರಡು ಮೂರು ದಿನ ಹುಳಿಯಲು ಬಿಡಬೇಕು. ಬೀಜದ ಸುತ್ತಲಿನ ಲೋಳೆ ಬಿಡುತ್ತದೆ. ಒಳ್ಳೆಯ ಬೀಜ ತಳಕ್ಕಿಳಿಯುತ್ತದೆ. ತೊಳೆದು, ತಟ್ಟೆಯಲ್ಲಿ ನೆರಳಿನಲ್ಲಿ ಒಣಗಿಸಿ, ತಂಪಾದೆಡೆ ಇಟ್ಟರೆ ನಾಲ್ಕೈದು ವರ್ಷ ಬಾಳುತ್ತದೆ. ಆದರೆ ಹೈಬ್ರಿಡ್ ಹಣ್ಣಿನ ಬೀಜ ತಾಯಿಗಿಡದಂತೆಯೇ ಬಾರದು. ನಾವು ಬೆಳೆದದ್ದು ‘ಯೆಲ್ಲೋ ಪೇರ್’ ಎಂಬ ಹಳೆಯ ತಳಿ. ಟೊಮೆಟೊ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಅದರ ಗುಣ ಕೆಡದೆ ಉಳಿದಿದೆ.

ತಾಯಿಯವರು ಈಗ ಪ್ರಯಾಣ ಮಾಡಲಾರರು. ಮಾರ್ಚ್ ಬಂದರೆ ಫೋನಿನಲ್ಲಿ ಅವರ ಮೊದಲ ಪ್ರಶ್ನೆ, “ಬೀಜ ಹಾಕಿದ್ರಾ?” ಆ ನಾಲ್ಕು ಗಿಡಗಳ ಸಂತತಿಯೇ ಬಾಗಿಲ ಬಳಿಯ ಮೇಜಿನ ಮೇಲೆ ಸಣ್ಣ ಪೊಟ್ಟಣಗಳಲ್ಲಿದೆ. ಹೊರಡುವಾಗ ಮನೆಗೊಂದರಂತೆ ತೆಗೆದುಕೊಂಡು ಹೋಗಬೇಕೆಂದು ವಿನಂತಿ.